ಹೆಸರು ಹೇಳಿದರೆ ತೆಗೆಯುವ ಬಾಗಿಲು

ಜೀವಾವಧಿ ಶಿಕ್ಷೆಯಾದವನನ್ನೇ ಮದುವೆಯಾಗುತ್ತೇನೆಂದು ನನ್ನ ಅಕ್ಕನ ಮಗಳು ಯಶೋದಾ ಹಟ ಹಿಡಿದಾಗ, ನಾನು ಬೈದಷ್ಟು ಇಡೀ ಅಜ್ಜಂಪುರದಲ್ಲಿ ಇನ್ಯಾರೂ ಬೈದಿರಲಾರರು.

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?"

"ನಿಶ್ಚಿತಾರ್ಥ ಆಗಿತ್ತಲ್ಲ ಚಿಕ್ಕಮ್ಮ. ಅವ್ರು ಬೇಡ ಅಂದ್ರೂ ನಾನು ಬಿಡಲ್ಲ."

ಹುಡುಗ ಬುಕ್ಕಾಂಬುಧಿಯ ಓಂಕಾರೇಶ್. ಬೋರ್‌ವೆಲ್ ನೀರಿನ ಜಗಳದಲ್ಲಿ ಇವನು ಬೀಸಿದ ಗುದ್ದಲಿಗೆ ಪಕ್ಕದ ತೋಟದವನು ಸತ್ತಿದ್ದ.

ಮದುವೆಗೆಂದು ಕೋರ್ಟು ಪೆರೋಲ್ ಕೊಟ್ಟಿತು. ಮಠದಲ್ಲಿ ತಾಳಿ ಕಟ್ಟುವಾಗ ಅಕ್ಷತೆ ಹಿಡಿದು ನಿಂತವರೆಲ್ಲ ಅವನ ಕೈಗಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ಸಂಜೆ ಮನೆ ತುಂಬಿಸಿಕೊಳ್ಳುವ ಹೊತ್ತು. ಎಲ್ಲರ ಮನೆಯಲ್ಲೂ ಮಾಡುವಂತೆ ಅವನ ತಂಗಿ ಸ್ಫೂರ್ತಿ ಒಳಗಿನಿಂದ ಚಿಲಕ ಹಾಕಿಕೊಂಡಳು. "ಒಬ್ರ ಹೆಸರು ಒಬ್ರು ಹೇಳಿದ್ರೇನೇ ಬಾಗ್ಲು ತೆಗೆಯೋದು."

ಯಶೋದಾ ನಾಚಿಕೊಂಡೇ ಗಂಡನ ಹೆಸರು ಹೇಳಿದಳು. ಅವನೋ, ಚಿಲಕದ ಸದ್ದಿಗೇ ಬೆಚ್ಚಿ ನೆಟ್ಟಗೆ ನಿಂತುಬಿಟ್ಟಿದ್ದ.

"ಅಣ್ಣಾ, ಈಗ ನೀನು. ಹೆಸರೇಳು."

ಅವನು ತಲೆ ತಗ್ಗಿಸಿ, ಕೈಕಟ್ಟಿಕೊಂಡು ತನ್ನ ಜೈಲಿನ ನಂಬರ್ ಹೇಳಿದ.

ಯಾರೂ ನಗಲಿಲ್ಲ. ಸ್ಫೂರ್ತಿ ಬಾಗಿಲು ತೆಗೆದಳು. ಯಶೋದಾ ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಪೆರೋಲ್ ಮುಗಿದದ್ದೇ ಅವನು ಜೈಲಿಗೆ ಮರಳಿದ.

ಅಂದಿನಿಂದ ಹುಡುಗಿಗೆ ಅದೇ ಧ್ಯಾನ. ಇದ್ದಷ್ಟು ದಿನವೂ ಅವನು 'ಇವಳೇ', 'ನೋಡು' ಎಂದನೇ ಹೊರತು ಹೆಸರು ಹಿಡಿದು ಕರೆಯಲಿಲ್ಲವಂತೆ.

"ಬಾಗ್ಲಾಚೆ ಯಾರೋ ಆ ನಂಬರ್ ಹೇಳ್ದಂಗಾಗುತ್ತೆ ಚಿಕ್ಕಮ್ಮ. ತೆಗೆದ್ರೆ ಯಾರೂ ಇರಲ್ಲ. ಒಂದ್ಸಲ ನನ್ ಹೆಸರು ಹೇಳ್ಬಿಟ್ರೆ, ಈ ಮನೆಗೆ ಬಂದೆ ಅನ್ಸುತ್ತೆ."

ಅಷ್ಟೆಲ್ಲ ಬೈದಿದ್ದ ನಾನೇ, ಮುಂದಿನ ಸಲ ಅವನನ್ನು ನೋಡಲು ಹೋಗುವಾಗ ಜೊತೆಗೆ ಬರುತ್ತೇನೆಂದೆ.

ಹೋದ ತಿಂಗಳು ಅವಳ ಜೊತೆ ನಾನೂ ಜೈಲಿಗೆ ಹೋಗಿದ್ದೆ. ಯಾರನ್ನು ನೋಡಬೇಕೆಂದು ಗೇಟಿನಲ್ಲಿ ಕೇಳಿದರು. ಅವಳು ತಡವರಿಸದೆ ನಂಬರ್ ಹೇಳಿದಳು.

"ಹೆಸರೇಳೇ," ಎಂದು ಗದರಿದೆ.

"ಇಲ್ಲಿ ಹೆಸರು ನಡೆಯಲ್ಲ ಚಿಕ್ಕಮ್ಮ."

ಜಾಲರಿಯ ಆಚೆ ಕೂತು ಅವನು ಅವ್ವನ ಮಂಡಿನೋವು ವಿಚಾರಿಸಿದ, ಹಸು ಕರು ಹಾಕಿತೇ ಎಂದು ಕೇಳಿದ. ಇವಳು ಅವನ ಬಾಯನ್ನೇ ನೋಡುತ್ತಿದ್ದಳು. ಹೊತ್ತಾಯಿತೆಂದು ವಾರ್ಡರ್ ಅವನನ್ನು ಎಬ್ಬಿಸಿಕೊಂಡು ಹೋದ. ಕಬ್ಬಿಣದ ಬಾಗಿಲು ಮುಚ್ಚಿತು, ಚಿಲಕ ಬಿತ್ತು.

ಆಗ ಒಳಗಿನಿಂದ ಅವನ ದನಿ ಕೇಳಿಸಿತು. "ಯಶೋದಾ."

ಅವಳು ಎದ್ದು ನಿಂತು ಕಾದಳು. ಆ ಬಾಗಿಲನ್ನು ಯಾರೂ ತೆಗೆಯಲಿಲ್ಲ.