ಕಂಡಕ್ಟರ್ ಬಾಯಿ ಕೇಳಿದ ಸಿಂಫನಿಗಳು

ಪಂಚಶೀಲಾ ಬಸ್ ಕಂಡಕ್ಟರ್ ಆಗಿದ್ದಳು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಅವಳ ಗುರುತಿಲ್ಲದವರು ಕಡಿಮೆ. ಮಹಾಗಾಂವದಲ್ಲಿ ಜನ ನುಗ್ಗಿದರೆ ಸೀಟಿನ ಅಂಚಿಗೆ ಸೊಂಟ ಆನಿಸಿ, ಓಲಾಡುವ ಬಸ್ಸಿನಲ್ಲಿ ಎರಡೂ ಕೈ ಬಿಟ್ಟು ಟಿಕೆಟ್ ಕೊಡುತ್ತಿದ್ದಳು. ಕಮಲಾಪುರದ ಕೆಂಪು ಬಾಳೆಗೊನೆ ಹೊತ್ತು ಹತ್ತುವವರಿಗೆ, "ಗೊನಿ ಹಿಂದ ಇಡ್ರಿ, ನೀವು ಮುಂದ ಬರ್ರಿ" ಎಂದು ಕೂಗಿದರೆ ಆ ದನಿಗೇ ಡ್ರೈವರ್ ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿದ್ದ. ನಿಂತೇ ಮಾಡುವ ಕೆಲಸ ಅವಳಿಗೆ ಹಿಡಿಸಿತ್ತು. ಮನೆಯಲ್ಲಿ ರಜೆಯ ದಿನವೂ ಕೂತು ಉಂಡವಳಲ್ಲ.

ಕಾಲು ಬಾತಾಗ ನಿಂತು ನಿಂತು ಹೀಗಾಗಿದೆ ಅಂದುಕೊಂಡಳು. ಮುಖ ಬಾತಾಗ ನಿದ್ದೆ ಸಾಲದೆಂದುಕೊಂಡಳು. ಒಂದು ಮಧ್ಯಾಹ್ನ ಕಮಲಾಪುರದ ಬಸ್ ನಿಲ್ದಾಣದಲ್ಲಿ ಮೆಟ್ಟಿಲು ಹತ್ತಲಾರದೆ ಅಲ್ಲೇ ಕುಸಿದಳು. ಎರಡೂ ಮೂತ್ರಪಿಂಡ ಕೆಟ್ಟಿವೆ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಮೂವತ್ತೇಳು ವರ್ಷ. ಅವ್ವ ಸಾವಿತ್ರಿಬಾಯಿ, "ನಂದು ತಗೋರಿ" ಎಂದು ಮುಂದೆ ಬಂದಳು. ಅವಳಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಆಗದು ಅಂದರು. ಪುಣೆಯಲ್ಲಿದ್ದ ತಮ್ಮ ಅಜಿತ, "ನೋಡೂಣು ಅಕ್ಕಾ" ಅಂದ. ಆಮೇಲೆ ಅವನ ಫೋನು ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ಪಾರ್ಸಲ್ ಬಂತು. ಅದರಲ್ಲಿ ತಂತಿಯಿಲ್ಲದ ಒಂದು ಜೊತೆ ಇಯರ್‌ಫೋನ್ ಇತ್ತು. "ಅಲ್ಲಿ ಹೊತ್ತು ಹೋಗಲಿ ಅಂತ ಕಳಿಸೀನಿ" ಎಂದು ಸಂದೇಶ ಹಾಕಿದ್ದ.

ಬೇರೆ ದಾನಿ ಸಿಗುವವರೆಗೆ ಕಮಲಾಪುರದ ಮನೆಯಿಂದ ವಾರಕ್ಕೆ ಮೂರು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ, ರಕ್ತವನ್ನು ಹೊರಗೆ ತೆಗೆದು, ಯಂತ್ರದಲ್ಲಿ ತೊಳೆದು, ಮತ್ತೆ ಒಳಗೆ ಬಿಡುತ್ತಿದ್ದರು. ನಾಲ್ಕು ತಾಸು ಆ ಕೈ ಅಲ್ಲಾಡಿಸುವಂತಿಲ್ಲ. ಮನೆಗೆ ಬಂದರೆ ನೀರಿನ ಲೆಕ್ಕ. ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ಕಲಬುರಗಿ ಸೀಮೆಯ ಬಿಸಿಲಿನಲ್ಲೂ ದಿನಕ್ಕೆ ಒಂದು ತಂಬಿಗೆಗಿಂತ ಹೆಚ್ಚು ಕುಡಿಯುವಂತಿಲ್ಲ. ಸಾವಿತ್ರಿಬಾಯಿ ಮಡಿಕೆಯ ಮೇಲೆ ಕಣ್ಣಿಟ್ಟು ಬಾಗಿಲಲ್ಲೇ ಕೂಡುತ್ತಿದ್ದಳು. "ಬಾಯಿ ಮುಕ್ಕಳಿಸ್ತೀನಿ ಯವ್ವಾ" ಎಂದು ಮಗಳು ಎದ್ದರೆ ಅವಳೂ ಏಳುತ್ತಿದ್ದಳು. ತಾನು ಕೂಗಿ ಕೂಗಿ ಜನರನ್ನು ಹತ್ತಿಸಿದ ಅದೇ ಬಸ್ಸಿನಲ್ಲಿ ಈಗ ಹೊಸ ಕಂಡಕ್ಟರ್ ಹುಡುಗಿ, "ಅಕ್ಕಾ, ಕೂಡ್ರಿ, ನಿಂದ್ರಬ್ಯಾಡ್ರಿ" ಎಂದು ಸೀಟು ಬಿಡಿಸಿಕೊಡುತ್ತಿದ್ದಳು. ಆ ಮಾತಿಗೆ ಪಂಚಶೀಲಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕೂಡುತ್ತಿದ್ದಳು, ಬೇರೆ ದಾರಿಯಿರಲಿಲ್ಲ.

ಡಯಾಲಿಸಿಸ್ ಕೋಣೆಯಲ್ಲಿ ಟಿವಿ ಇತ್ತು, ಯಂತ್ರಗಳ ಕುಂಯ್‌ಗುಡುವಿಕೆ ಇತ್ತು, ಮಂಚದಿಂದ ಮಂಚಕ್ಕೆ ಹರಿದಾಡುವ ಕಾಯಿಲೆಯ ಮಾತಿತ್ತು. ಇವೆಲ್ಲದರಿಂದ ಕಿವಿ ಮುಚ್ಚಿಕೊಳ್ಳಲು ಅವಳು ತಮ್ಮನ ಇಯರ್‌ಫೋನ್ ಹಾಕಿಕೊಂಡಳು. ಸಿನಿಮಾ ಹಾಡು ಹಾಕಿದರೆ ಬಸ್ಸಿನ ನೆನಪು ಬಂತು, ಜಯಂತಿ ಮೆರವಣಿಗೆಯ ಭೀಮಗೀತೆ ಹಾಕಿದರೆ ಎದ್ದು ನಿಲ್ಲಬೇಕೆನಿಸಿತು. ಮಾತೇ ಇಲ್ಲದ, ಉದ್ದನೆಯ ಸಂಗೀತ ಬೇಕೆಂದು ಹುಡುಕಿದಾಗ ಫೋನು ಒಂದು ಪಾಶ್ಚಾತ್ಯ ಸಿಂಫನಿ ತೋರಿಸಿತು. ಕಪ್ಪು ಕೋಟಿನ ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಕೂತು ಮುಕ್ಕಾಲು ತಾಸು ಬಾರಿಸುವ ಸಂಗೀತ. ಅರ್ಥವಾಗಲಿಲ್ಲ, ಬೇಸರವೂ ಆಗಲಿಲ್ಲ. ಆದರೆ ಅದು ಹೆಸರಾಂತ ಸಂಗೀತಗಾರನದು, ಕೋಟಿ ಜನ ಕೇಳಿದ್ದು. ನಡುನಡುವೆ ಜಾಹೀರಾತು ಬರುತ್ತಿತ್ತು. ಪಿಟೀಲುಗಳೆಲ್ಲ ಮೆತ್ತಗಾಗಿ ಅವಳಿಗೆ ಕಣ್ಣು ಹತ್ತುವಷ್ಟರಲ್ಲಿ ಬನಿಯನ್ ಮಾರುವವನೊಬ್ಬ ಕಿವಿಯೊಳಗೆ ಕಿರುಚಿದ. ಬೆಚ್ಚಿ ಕೈ ಎಳೆದುಕೊಂಡಳು, ಯಂತ್ರ ಅರಚಿತು, ಕಾವೇರಿ ಸಿಸ್ಟರ್ ಓಡಿಬಂದಳು.

"ಕೈ ಅಲ್ಲಾಡಿಸಬ್ಯಾಡ್ರಿ ಅಂತ ಎಷ್ಟು ಸಲ ಹೇಳಬೇಕ್ರಿ? ಸೂಜಿ ಸರೀತಂದ್ರ ಯಾರು ಜವಾಬ್ದಾರಿ?"

ಅಂದಿನಿಂದ ಪಂಚಶೀಲಾ ಜಾಹೀರಾತು ಬಾರದ ಸಿಂಫನಿಗಳನ್ನು ಹುಡುಕತೊಡಗಿದಳು. ಹುಡುಕುತ್ತ ಒಂದು ಸಂಗತಿ ಗೊತ್ತಾಯಿತು: ಹೆಚ್ಚು ಜನ ಕೇಳದ ಸಂಗೀತಕ್ಕೆ ಜಾಹೀರಾತಿನ ಕಾಟ ಕಡಿಮೆ. ಹೀಗೆ ಅವಳು ಹೆಸರಿಲ್ಲದವರ ಓಣಿಗೆ ಇಳಿದಳು. ಔಷಧ ಅಂಗಡಿಯವನ ಮಗಳು ಎಮಿಲಿ ಮೇಯರ್ ಎಂಬ ಜರ್ಮನಿಯ ಹೆಂಗಸು ಸಿಕ್ಕಳು; ಅವಳ ಜೀವಮಾನದಲ್ಲಿ ಜನ ಮೆಚ್ಚಿದ್ದರು, ಸತ್ತ ಮೇಲೆ ಪೂರಾ ಮರೆತಿದ್ದರು. ಫ್ರಾನ್ಸ್ ಬೆರ್ವಾಲ್ಡ್ ಎಂಬ ಸ್ವೀಡನ್ನಿನವನು ಸಿಕ್ಕ. ಸಂಗೀತದಿಂದ ಹೊಟ್ಟೆ ತುಂಬದೆ ಗಾಜಿನ ಕಾರ್ಖಾನೆ ನೋಡಿಕೊಂಡವನು. ವಸೀಲಿ ಕಾಲಿನ್ನಿಕೊವ್ ಎಂಬ ರಷ್ಯಾದವನು ಸಿಕ್ಕ. ಕ್ಷಯರೋಗದಿಂದ ದೂರದ ಸಮುದ್ರದಂಡೆಯ ಊರಿನಲ್ಲಿ ಸಿಕ್ಕಿಬಿದ್ದು, ಮೂವತ್ತೈದು ತುಂಬುವ ಮೊದಲೇ ಹೋದವನು. ಪಿಯುಸಿಯ ಇಂಗ್ಲಿಷಿನಲ್ಲಿ ತಡವರಿಸುತ್ತ ಅವಳು ಇವರ ಬಾಳನ್ನು ಓದಿದಳು. ನೂರೈವತ್ತು ವರ್ಷದ ಹಿಂದಿನ, ಯಾವುದೋ ದೇಶದ ಜನ; ಆದರೆ ಒಬ್ಬೊಬ್ಬರೂ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದರು. ಹೊರಗೆ ಬರಲಾರದವರು ಒಳಗೇ ಇಷ್ಟು ದೊಡ್ಡ ಜಾಗ ಮಾಡಿಕೊಂಡಿದ್ದಾರಲ್ಲ ಎಂದು ಅವಳಿಗೆ ಅಚ್ಚರಿ. ಕಾಲಿನ್ನಿಕೊವ್‌ನದು ಮುಗಿಯುವ ಹೊತ್ತಿಗೆ ನಾಲ್ಕು ತಾಸಿನಲ್ಲಿ ಮುಕ್ಕಾಲು ತಾಸು ಕಳೆದಿರುತ್ತಿತ್ತು. ಇನ್ನೂ ಮೂರು ತಾಸಿಗೂ ಮೇಲೆ ಉಳಿದಿರುತ್ತಿತ್ತು.

ಪಕ್ಕದ ಮಂಚದಲ್ಲಿ ಕಲಬುರಗಿಯ ಶಹಾಬಜಾರದ ಹಮೀದ್ ಇರುತ್ತಿದ್ದ. ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ಊದಿದವನು. ಕಾಯಿಲೆ ಬಿದ್ದ ಮೇಲೆ ಅಣ್ಣನ ಮಗ ವಕಾರ್ ಬ್ಯಾಂಡ್ ನಡೆಸುತ್ತಿದ್ದ. ಹಮೀದ್ ಅವಳನ್ನು ಗೌರವದಿಂದ ಕಂಡಕ್ಟರ್ ಬಾಯಿ ಎಂದೇ ಕರೆಯುತ್ತಿದ್ದ.

"ಏನು ಕೇಳಾಕತ್ತೀರಿ ದಿನಾ? ಮುಖ ನೋಡಿದ್ರ ಯಾರೋ ಸತ್ತಂಗ ಇರ್ತದ" ಎಂದ ಒಂದು ದಿನ.

ಅವಳು ಒಂದು ಇಯರ್‌ಫೋನ್ ತೆಗೆದು, ಕಾವೇರಿ ಸಿಸ್ಟರಿನ ಕೈಯಲ್ಲಿ ಅವನಿಗೆ ಕೊಡಿಸಿದಳು. ಅವನು ಸ್ವಲ್ಪ ಕೇಳಿ, "ಇದಕ್ಕ ಯಾರು ಕುಣೀತಾರ?" ಎಂದು ವಾಪಸು ಕೊಟ್ಟ. ಆದರೆ ಮುಂದಿನ ಪಾಳಿಯಲ್ಲಿ ತಾನೇ ಕೈ ಚಾಚಿದ. ತೆರೆಯ ಮೇಲೆ ಕೋಲು ಹಿಡಿದು ಕೈಯಾಡಿಸುವವನನ್ನು ತೋರಿಸಿ, "ಇವನಿಗೂ ಕಂಡಕ್ಟರ್ ಅಂತಾರ ಚಾಚಾ" ಎಂದು ಅವಳು ಹೇಳಿದಾಗ, "ಟಿಕೆಟ್ ಕೊಡಾಂಗಿಲ್ಲ, ಬರೇ ಜೋರು ಮಾಡ್ತಾನ" ಎಂದು ನಕ್ಕ. ಅಲ್ಲಿಂದ ಇಬ್ಬರೂ ಒಂದೊಂದು ಕಿವಿಯಲ್ಲಿ ಕೇಳತೊಡಗಿದರು.

ಹಾನ್ಸ್ ರಾಟ್‌ನ ಸಿಂಫನಿ ಸಿಕ್ಕದ್ದು ಬೇಸಿಗೆಯ ಶುರುವಿನಲ್ಲಿ. ತಂತಿವಾದ್ಯಗಳು ತೀರ ಮೆಲ್ಲಗೆ ಮಿಡಿಯುತ್ತಿರುವಾಗ ಅದರ ಮೇಲೆ ಒಂದೇ ಒಂದು ಟ್ರಂಪೆಟ್ ಏಳುತ್ತದೆ. ಅವಸರವಿಲ್ಲ, ಆರ್ಭಟವಿಲ್ಲ. ಪಂಚಶೀಲಾ ತಿರುಗಿ ನೋಡಿದಳು. ಹಮೀದನ ಸೂಜಿಯಿಲ್ಲದ ಬಲಗೈಯ ಮೂರು ಬೆರಳು, ಟ್ರಂಪೆಟ್ಟಿನ ಗುಂಡಿ ಒತ್ತುವಂತೆ, ಚಾದರದ ಮೇಲೆ ಏಳುತ್ತ ಬೀಳುತ್ತ ಇದ್ದವು. ಅದು ಮುಗಿದ ಮೇಲೆ ಅವನು ಅವಳ ಕಡೆ ತಿರುಗಿದ.

"ಯಾರಂವ?"

ಅವಳು ಓದಿ ಹೇಳಿದಳು. ವಿಯೆನ್ನಾದ ಹುಡುಗ. ಇದರ ಮೊದಲ ಭಾಗ ಬಾರಿಸಿದಾಗ ಸಂಗೀತ ಶಾಲೆಯ ಪರೀಕ್ಷಕರು ಹಂಗಿಸಿದರು. ಆ ಕಾಲದ ದೊಡ್ಡ ಸಂಗೀತಗಾರನೊಬ್ಬ, ಸಂಗೀತ ಬಿಡು ಅಂದ. ಇಪ್ಪತ್ತೆರಡಕ್ಕೆ ತಲೆ ಕೆಟ್ಟು ಹುಚ್ಚಾಸ್ಪತ್ರೆ ಸೇರಿದ. ಇಪ್ಪತ್ತೈದಕ್ಕೆ ಅಲ್ಲೇ ಸತ್ತ. ಬರೆದು ನೂರು ವರ್ಷ ದಾಟಿದ ಮೇಲೆ ಇಡೀ ಸಿಂಫನಿಯನ್ನು ಜನ ಮೊದಲ ಸಲ ಕೇಳಿದರು.

"ಅಂದ್ರ ತಾನು ಪೂರಾ ಕೇಳಲೇ ಇಲ್ಲ?"

"ಇಲ್ಲ ಚಾಚಾ."

ಹಮೀದ್ ಇಯರ್‌ಫೋನ್ ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. "ನಲವತ್ತು ವರ್ಷ ಊದೀನಿ ಬಾಯಿ. ಯಾರೂ ಟ್ರಂಪೆಟ್ ಕೇಳಲಿಲ್ಲ, ಹಾಡು ಕೇಳಿದ್ರು. ಇಂವ ಟ್ರಂಪೆಟ್ಟಿಗೇ ಬರದಾನ. ಒಮ್ಮಿ ಊದಬೇಕು ಇದನ್ನ."

ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಪಾಳಿ ಬಂದಾಗಲೆಲ್ಲ ಅದೇ ಆರಂಭವನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದ. ಕಮಲಾಪುರದಲ್ಲಿ ಪಂಚಶೀಲಾಳ ಓಣಿಯಲ್ಲೇ ಒಂದು ಮದುವೆಗೆ ವಕಾರನ ಬ್ಯಾಂಡ್ ಬಂದಾಗ ಹಮೀದನೂ ಟೆಂಪೊ ಹತ್ತಿ ಬಂದ. ಕೆಂಪು ಕೋಟು ಹಾಕಿದ್ದ. ಅದು ಭುಜದಿಂದ ಜೋತಿತ್ತು. ಮೆರವಣಿಗೆ ಹೊರಡುವ ಮುನ್ನ, "ಒಂದೇ ಮಿನಿಟು ಬೇಟಾ" ಎಂದು ವಕಾರನನ್ನು ತಡೆದು ಟ್ರಂಪೆಟ್ ತುಟಿಗಿಟ್ಟ.

ಪಂಚಶೀಲಾ ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಮೊದಲ ಸ್ವರ ಸ್ಪಷ್ಟವಾಗಿ ಬಂತು. ಎರಡನೆಯದು ಅದರ ಹೆಗಲ ಮೇಲೆ ಕಾಲಿಟ್ಟಂತೆ ಏರಿತು. ಕುಣಿಯಲು ನಿಂತ ಹುಡುಗರು ಏನಿದು ಎಂದು ಸುಮ್ಮನಾದರು. ಮದುಮಗನೂ ತಿರುಗಿ ನೋಡಿದ. ಆಮೇಲೆ ಎಲ್ಲಕ್ಕಿಂತ ಉದ್ದ ಉಸಿರು ಬೇಕಾದ ಜಾಗ ಬಂತು. ಹಮೀದನ ಎದೆಯಲ್ಲಿ ನೀರು ತುಂಬಿತ್ತು. ಸ್ವರ ನಡುಗಿ, ಒಡೆದು, ಬರೀ ಗಾಳಿಯಾಯಿತು. ಅವನು ಬಗ್ಗಿ ಕೆಮ್ಮತೊಡಗಿದ. ಯಾರೋ ಸಿಳ್ಳೆ ಹೊಡೆದರು. "ಮುದುಕಗ ಕೂಡಸ್ರೋ, ಹಾಡು ಹಚ್ರಿ" ಎಂದು ಮದುಮಗನ ಸೋದರಮಾವ ಕೂಗಿದ. ವಕಾರ್ ಕಣ್ಣಿಂದಲೇ ಡ್ರಮ್ಮಿನವನಿಗೆ ಹೇಳಿದ. ಡ್ರಮ್ ಬಿತ್ತು, ಮೆರವಣಿಗೆ ಹೊರಟಿತು. ಪಂಚಶೀಲಾಳಿಗೆ ಮುಂದಿನ ಸ್ವರಗಳೆಲ್ಲ ಗೊತ್ತಿದ್ದವು. ಅವು ಅವಳ ತಲೆಯೊಳಗೆ ನಡೆದೇ ಇದ್ದವು, ಹೊರಗೆ ತರುವ ದಾರಿ ಮಾತ್ರ ಇರಲಿಲ್ಲ. ಹಮೀದ್ ಟೆಂಪೊದಲ್ಲಿ ತಲೆ ತಗ್ಗಿಸಿ ಕೂತ. ಅವಳು ಕೈಯೆತ್ತಿದರೂ ನೋಡಲಿಲ್ಲ.

ಮುಂದಿನ ಪಾಳಿಗೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಂಚಶೀಲಾ ಸೂಜಿ ತೆಗೆಸಿಕೊಂಡು, ಕೈಗೆ ಪಟ್ಟಿ ಒತ್ತಿ ಹಿಡಿದುಕೊಂಡೇ ಆಟೊ ಹತ್ತಿ ಶಹಾಬಜಾರಕ್ಕೆ ಹೋದಳು. ಬ್ಯಾಂಡಿನ ಹೆಸರು ಹೇಳಿದ ಕೂಡಲೇ ಓಣಿಯವರು ಮನೆ ತೋರಿಸಿದರು.

ಹಮೀದನ ಹೆಂಡತಿ ಜುಬೇದಾ ಬಾಗಿಲು ತೆರೆದಳು. "ನೀವೇ ಏನ್ರಿ ಕಂಡಕ್ಟರ್ ಬಾಯಿ? ಬರ್ರಿ ಒಳಗ. ನಮ್ಮ ಮಾತು ಯಾರದೂ ಕೇಳವಲ್ರು."

ಹಮೀದ್ ಗೋಡೆಗೆ ದಿಂಬು ಒರಗಿಸಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು.

"ಯಾಕ ಬಂದ್ರಿ?" ಎಂದ. "ಯಂತ್ರಕ್ಕ ಕಟ್ಟಿಸ್ಕೊಂಡು ಮಲಗೋದು ಸಾಕಾಗ್ಯಾದ ನನಗ. ಊದಾಕ ಆಗಲಾರದಂವ ಇದ್ದೇನು ಮಾಡಬೇಕು?"

ಸಮಾಧಾನದ ಮಾತು ಹೇಳಲೆಂದೇ ಪಂಚಶೀಲಾ ಬಂದಿದ್ದಳು. ಅವನ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ, ಸಿಟ್ಟು ಬಂತು.

"ನನಗ ಸಾಕಾಗಿಲ್ಲೇನು ಚಾಚಾ? ನಮ್ಮವ್ವ ನೀರು ಅಳದು ಕೊಡ್ತಾಳ. ತಮ್ಮ ಫೋನ್ ಎತ್ತಂಗಿಲ್ಲ. ಬಸ್ಸಿನ್ಯಾಗ ನನಗೇ ಕೂಡ್ರಿ ಅಂತಾರ. ನಿಮಗ ಸಮಾಧಾನ ಹೇಳಾಕ ಬಂದಿಲ್ಲ ನಾ. ಒಂದು ಕಿವ್ಯಾಗ ಕೇಳಿ ಕೇಳಿ ರೂಢಿ ಆಗ್ಯಾದ, ಇನ್ನೊಂದು ಕಿವಿ ಖಾಲಿ ಅದ. ನೀವು ಬರಲಿಲ್ಲಂದ್ರ ನಾ ಯಾರ ಜೋಡಿ ಕೇಳಲಿ?" ಅವಳು ಅವನೆದುರು ನೆಲಕ್ಕೆ ಕೂತಳು. "ಆ ವಿಯೆನ್ನಾದ ಹುಡುಗನ ಬಾಜೂದಾಗ ಯಾರೂ ಮಲಗಿರಲಿಲ್ಲ."

ಜುಬೇದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಕಾರ್ ಬಂದು ತೋಳು ಹಿಡಿದು ಎಬ್ಬಿಸಿದಾಗ ಹಮೀದ್ ಕೈ ಬಿಡಿಸಿಕೊಳ್ಳಲಿಲ್ಲ. ಎಲ್ಲರೂ ಸೇರಿ ಅವನನ್ನು ಆಟೊ ಹತ್ತಿಸಿದರು.

ಅವನು ಉಳಿದ. ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಎದೆಯ ನೀರು ಇಳಿಸಿದರು. ಟ್ರಂಪೆಟ್ ಇನ್ನು ಮುಟ್ಟಬಾರದೆಂದು ಡಾಕ್ಟರು ಹೇಳಿದಾಗ, ಸರಿ ಎಂದು ತಲೆಯಾಡಿಸಿದನಂತೆ. ಆದರೆ ಪಾಳಿ ಬದಲಾಯಿತು. ಅವನಿಗೆ ಮುಂಜಾನೆ, ಪಂಚಶೀಲಾಳಿಗೆ ಮಧ್ಯಾಹ್ನ. ಒಂದೇ ಪಾಳಿಗೆ ಹಾಕಿರೆಂದು ಅವಳು ಕಾವೇರಿ ಸಿಸ್ಟರಿಗೆ ಕೈಮುಗಿದು ಕೇಳಿಕೊಂಡಳು. ಮಂಚ ಖಾಲಿಯಿಲ್ಲ ಎಂದು ಸಿಸ್ಟರ್ ಹೇಳಿದ್ದು ಸುಳ್ಳಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು.

ಈಗ ಅವರು ಭೇಟಿಯಾಗುವುದು ಬಾಗಿಲಲ್ಲಿ ಮಾತ್ರ. ಅವನು ವಕಾರನ ಹೆಗಲು ಹಿಡಿದು ಹೊರಗೆ ಬರುವಾಗ ಅವಳು ಒಳಗೆ ಹೋಗುತ್ತಿರುತ್ತಾಳೆ. ವಕಾರ್ ಚಿಕ್ಕಪ್ಪನಿಗೆ ಒಂದು ಇಯರ್‌ಫೋನ್ ತಂದುಕೊಟ್ಟಿದ್ದಾನೆ; ಹೆಸರು ಹೇಳಿದರೆ ಹುಡುಕಿಯೂ ಕೊಡುತ್ತಾನೆ. ದೀಪಾವಳಿ ಕಳೆದ ಮೇಲಿನ ಒಂದು ಮಧ್ಯಾಹ್ನ ಹಮೀದ್ ಬಾಗಿಲಲ್ಲೇ ಅವಳನ್ನು ನಿಲ್ಲಿಸಿದ.

"ಬಾಯಿ, ಇವತ್ತು ನಾನೇ ಒಬ್ಬಾಕಿನ್ನ ಹುಡುಕೀನಿ. ಫ್ರಾನ್ಸಿನಾಕಿ. ಲೂಯೀಸ್ ಫಾರೆಂಕ್ ಅಂತ. ಆಕೀದು ಮೂರನೇ ಸಿಂಫನಿ ಕೇಳ್ರಿ."

"ಅದ್ರಾಗ ಟ್ರಂಪೆಟ್ ಹೆಂಗ ಅದ ಚಾಚಾ?"

"ಟ್ರಂಪೆಟ್ಟೇ ಇಲ್ಲ" ಎಂದ ಹಮೀದ್. "ಕಡೀತನಕ ಕಾದೆ, ಬರಲೇ ಇಲ್ಲ. ಆದ್ರೂ ಛಲೋ ಅದ."

ಒಳಗಿಂದ ಕಾವೇರಿ ಸಿಸ್ಟರ್ ಹೆಸರು ಕೂಗಿದಳು. ಪಂಚಶೀಲಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೊಸ ಚಾದರ ಹಾಸಿದ ಮಂಚದ ಮೇಲೆ ಮಲಗಿ, ಆ ಫ್ರಾನ್ಸಿನವಳ ಹೆಸರನ್ನು ಬಲಗೈಯಿಂದ ಒಂದೊಂದೇ ಅಕ್ಷರವಾಗಿ ಒತ್ತಿ, ಎಡಗೈಯನ್ನು ಸೂಜಿಗೆ ಚಾಚಿದಳು.