ಮೂಲೆಮನೆ ಅಕ್ಕನ ನಿದ್ದೆ

ನನಗಾಗ ಇಪ್ಪತ್ತನಾಲ್ಕು. ಈಗ್ಗೆ ಐವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ಒಂದು ಗಾಜಿನ ಹಾಲಿನ ಬಾಟಲಿ ಸಿಕ್ಕಿತು. "ಎಸೀಲಾ ಅತ್ತೆ?" ಅಂದಳು. ಇಲ್ಲಿ ಕೊಡು ಅಂದೆ.

ನಾವು ವಿಜಯನಗರದ ಒಂದು ವಠಾರದಲ್ಲಿದ್ದೆವು. ಆರು ಮನೆ, ಒಂದು ನಲ್ಲಿ. ಮೂಲೆಮನೆ ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ. ಅವರ ತಾಯಿಗೂ ಹಾಗೇ ಇತ್ತಂತೆ. "ನಮ್ಮವ್ವ ಕಿವಿ ಓಲೆ ಬಿಟ್ಟು ಹೋಗಲಿಲ್ಲ ಕಣೇ, ಇದನ್ನ ಬಿಟ್ಟು ಹೋದ್ಲು" ಅಂತ ನಗೋರು. ಆದರೂ ಮುಂಚೆ ಕೋಳಿನಿದ್ದೆ ಇತ್ತು. ಮಗಳಿಗೆ ಫಿಟ್ಸ್ ಶುರುವಾದ ಮೇಲೆ ಅದೂ ಹೋಯಿತು. ಮಗುವಿಗೆ ಬರೋದೇ ಮಲಗಿದ್ದಾಗ. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆ ಇಲ್ಲ. ನೋಡೋರು ಇನ್ಯಾರು?

ಗಸಗಸೆ ಪಾಯಸ ಕುಡಿದಿದ್ದಾಯಿತು, ನೆತ್ತಿಗೆ ಹರಳೆಣ್ಣೆ ತಟ್ಟಿದ್ದಾಯಿತು. ಒಂದು ಮಧ್ಯಾಹ್ನ ಮಗುವನ್ನು ನಾನು ತೊಡೆ ಮೇಲೆ ಹಾಕಿಕೊಂಡು, ಮಲಗಿ ಅಕ್ಕ ಅಂದೆ. ಮಲಗಿದರು. ಸ್ವಲ್ಪ ಹೊತ್ತಿಗೇ ಎದ್ದು ಕೂತರು. "ಕಣ್ಣು ಮುಚ್ಚುತ್ತೆ, ಕಿವಿ ಮುಚ್ಚಲ್ಲ ಕಣೇ..."

ವಠಾರದವರು ಇದರಲ್ಲೂ ಒಂದು ಅನುಕೂಲ ಕಂಡುಕೊಂಡರು. ಬೂತಿನ ಹಾಲಿಗೆ ಕತ್ತಲಲ್ಲೇ ಕ್ಯೂ ನಿಲ್ಲಬೇಕಿತ್ತು. "ಹೆಂಗೂ ಎದ್ದೇ ಇರ್ತೀರಲ್ಲಕ್ಕ" ಅಂತ ಒಬ್ಬಳು ಖಾಲಿ ಬಾಟಲಿ ಇಟ್ಟಳು. ಆಮೇಲೆ ಎಲ್ಲರೂ ಇಟ್ಟರು. ನಮ್ಮ ಮನೆಗೆ ಎಮ್ಮೆ ಹಾಲು ಬರುತ್ತಿತ್ತು, ಹಾಗಾಗಿ ನಾನು ಇಡಲಿಲ್ಲ. ದಿನಾ ಸಂಜೆ ಅಕ್ಕನ ಹೊಸಿಲ ಮುಂದೆ ಬಾಟಲಿ ಸಾಲು. ಅಕ್ಕ ಇಲ್ಲ ಅನ್ನಲಿಲ್ಲ. ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಚೀಲ ಹಿಡಿದು ಹೋಗೋರು.

ಹೀಗೇ ಎರಡು ವರ್ಷ ನಡೆಯಿತು. ಒಂದು ದಿನ ಕ್ಯೂನಲ್ಲೇ ಬಿದ್ದರು. ಮಗುವನ್ನು ಹಿಂದಿದ್ದವರು ಹಿಡಿದುಕೊಂಡರು. ಬಾಟಲಿ ಎಲ್ಲ ಚೂರು, ಒಂದು ಬಿಟ್ಟು.

ಕೆಂಗೇರಿಯಿಂದ ಅಕ್ಕನ ತಂಗಿ ಬಂದಳು. ವಠಾರದ ಹೆಂಗಸರು ಸುತ್ತ ನಿಂತು, "ಏನ್ ಮಾಡೋಕಾಗುತ್ತಮ್ಮ, ನಿಮ್ಮ ವಂಶದ್ದು" ಅಂದರು.

ಆಕೆ ಸೀರೆ ಮಡಚಿ ಟ್ರಂಕಿಗೆ ಹಾಕುತ್ತಲೇ ಇದ್ದಳು. "ಹೌದು, ನಮ್ಮವ್ವಂದು ನನಗೂ ಬಂದಿದೆ. ನನಗೆ ಎಚ್ಚರ ಆದ್ರೆ ಮಗ್ಗುಲು ಬದಲಾಯಿಸಿ ಮಲಗ್ತೀನಿ. ಅಕ್ಕನಿಗೆ ಎಚ್ಚರ ಆದ್ರೆ ಮಗಳನ್ನ ನೋಡ್ಬೇಕು. ಆಮೇಲೆ ನಿಮ್ಮ ಬಾಟಲಿ ನೋಡ್ಬೇಕು. ಅದೂ ನಮ್ಮ ವಂಶದ್ದೇ?"

ಮಧ್ಯಾಹ್ನವೇ ಅಕ್ಕನನ್ನೂ ಮಗುವನ್ನೂ ಕರೆದುಕೊಂಡು ಹೋದಳು.

ಆಮೇಲೆ ಒಂದು ಸಲ ಕೆಂಗೇರಿಗೆ ಹೋಗಿದ್ದೆ. ಮಗು ಚಿಕ್ಕಮ್ಮನ ತೊಡೆ ಮೇಲಿತ್ತು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದರು, ಸಣ್ಣಗೆ ಗೊರಕೆ. "ಎಬ್ಬಿಸಬೇಡಿ" ಅಂದಳು ತಂಗಿ. ಎಬ್ಬಿಸಲಿಲ್ಲ. ಮಾತಾಡಿಸದೇ ಬಂದೆ... ಅದೇ ಕೊನೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಹೃದಯ ನಿಂತುಹೋಯಿತಂತೆ. ನಿದ್ದೆ ಬಂದಿದ್ದು ತಡವಾಯಿತು.

ಈಗ ಆ ವಠಾರ ಇಲ್ಲ. ನನಗೆ ಮಲಗಿದರೆ ಕೊರಡಿನ ನಿದ್ದೆ. ನಮ್ಮಮ್ಮ ಕೊಟ್ಟಿದ್ದು, ಕೆಡಿಸೋ ಅಂಥ ಕಷ್ಟ ನನಗೆ ಬರಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ.

ತಂಗಿ ಕರೆದುಕೊಂಡು ಹೋದ ದಿನ ಸಂಜೆಯೂ, ಬೀಗ ಹಾಕಿದ್ದ ಆ ಬಾಗಿಲ ಮುಂದೆ ಯಾರೋ ಹೊಸ ಬಾಟಲಿ ತಂದು ಇಟ್ಟರು. ಅಭ್ಯಾಸ. ಒಬ್ಬರನ್ನು ನೋಡಿ ಇನ್ನೊಬ್ಬರು ಇಟ್ಟರು. ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಅವರವರ ಬಾಟಲಿ ಅವರವರ ಹೊಸಿಲಿಗೆ ಖಾಲಿಯೇ ಇಟ್ಟು ಬಂದೆ. ಕ್ಯೂನಲ್ಲಿ ಒಡೆಯದೆ ಉಳಿದಿದ್ದು ಅಕ್ಕನದು, ಆ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಮನೆಗೆ ತಂದು ತೊಳೆದು ಬೋರಲು ಹಾಕಿದೆ.