ಅಣ್ಣನ ಕೊರಳಿನ ಕೀಬೋರ್ಡು

ಇದನ್ನು ಮೊಮ್ಮಕ್ಕಳಾದ ನೀವಿಬ್ಬರೂ ಓದಲೆಂದು ಬರೆಯುತ್ತಿದ್ದೇನೆ. ಬಾಯಿಂದಲೇ ಹೇಳಬಹುದಿತ್ತು. ಆದರೆ ನಾನು ಧೈರ್ಯ ತಂದುಕೊಂಡು ಮಾತು ಶುರು ಮಾಡುವಷ್ಟರಲ್ಲಿ ನಿಮ್ಮ ಊಟ ಮುಗಿದು ನೀವು ಕೈ ತೊಳೆಯುತ್ತಿರುತ್ತೀರಿ. ಕಾಗದ ಕೈ ತೊಳೆಯಲು ಎದ್ದು ಹೋಗುವುದಿಲ್ಲ.

ಬೀದರಿನ ಈ ಮನೆಯ ಮೇಲಿನ ಖೋಲಿಯಲ್ಲಿ ನೀವು ಬ್ಯಾಂಡ್ ಕಟ್ಟಿದಿರಿ. ಬ್ಯಾಂಡಿನವರು ಎಂದರೆ ಮದುವೆ ಮೆರವಣಿಗೆಯಲ್ಲಿ ಕೆಂಪು ಕೋಟು ತೊಟ್ಟು, ಕೆನ್ನೆ ಉಬ್ಬಿಸಿಕೊಂಡು ಊದುವವರು ಎಂದು ನಾನು ತಿಳಿದಿದ್ದೆ. ನಿಮ್ಮ ಬ್ಯಾಂಡಿನಲ್ಲಿ ಯಾರಿಗೂ ಅಂಥ ಕಷ್ಟವಿರಲಿಲ್ಲ. ಡ್ರಮ್ಮು, ಕೊಳಲು, ಪಿಟೀಲು ಎಲ್ಲವೂ ಸಿಂಥಸೈಜರ್ ಎಂಬ ಒಂದೇ ಪೆಟ್ಟಿಗೆಯಿಂದ ಹೊರಡುತ್ತಿದ್ದವು. ಇಷ್ಟೆಲ್ಲ ಒಂದೇ ಪೆಟ್ಟಿಗೆ ಮಾಡಿದರೆ ಉಳಿದವರಿಗೇನು ಕೆಲಸ ಎಂದು ನಾನು ಯೋಚಿಸಿದ್ದೆ. ಕೆಲಸಕ್ಕೆ ಬರ ಇರಲಿಲ್ಲ.

ನಿಮ್ಮಲ್ಲಿ ಹಿರಿಯವನು ಲೀಡರ್. ಗಿಟಾರಿನ ಹಾಗೆ ಕೊರಳಿಗೆ ತೂಗಿಕೊಳ್ಳುವ ಕೀಬೋರ್ಡು ಅವನದು. ನಾಲ್ಕು ದಿನ ಅದನ್ನು ಕಲಿತ. ಐದನೆಯ ದಿನ ಅದರ ವಾಯರು ತೆಗೆದಿಟ್ಟ. ಹೇಗೂ ನಾದವೆಲ್ಲ ಲ್ಯಾಪ್‌ಟಾಪಿನಲ್ಲಿ ತಯಾರಿದೆ, ಸ್ಟೇಜಿನ ಮೇಲೆ ಬೇಕಾಗಿರುವುದು ಲುಕ್ ಎಂದ. ಅಲ್ಲಿಂದ ಮುಂದೆ ದಿನಾ ಎರಡು ತಾಸು ಕನ್ನಡಿ ಎದುರು ಲುಕ್ಕಿನ ಅಭ್ಯಾಸ ನಡೆಯಿತು. ಅಷ್ಟು ಶ್ರದ್ಧೆಯನ್ನು ನಾನು ಅವನ ಪರೀಕ್ಷೆಯ ದಿನಗಳಲ್ಲಿ ಕಂಡಿರಲಿಲ್ಲ.

ಎರಡನೆಯವನು ಲ್ಯಾಪ್‌ಟಾಪ್ ಹಿಂದೆ ನಿಲ್ಲುವವನು. ಹಾಡಿನ ಮೊದಲಿಗೆ ಒಂದು ಗುಂಡಿ ಒತ್ತುತ್ತಾನೆ, ಕೊನೆಗೆ ಇನ್ನೊಂದು. ನಡುವಿನ ಹೊತ್ತೆಲ್ಲ ತಲೆ ಆಡಿಸುತ್ತಾನೆ. ಕುತ್ತಿಗೆ ನೋವೆಂದು ನನ್ನ ಮುಲಾಮು ಖಾಲಿ ಮಾಡಿದವನು ಅವನೇ.

ಹಾಡುವವನು ನಿಮ್ಮ ಗೆಳೆಯ, ನಮ್ಮ ಓಣಿಯ ಅತ್ತರ್ ಅಂಗಡಿಯವರ ಮಗ. ಅವನ ಬಗ್ಗೆ ಕೊಂಕು ಬರೆಯಲು ಕೈ ಬರುವುದಿಲ್ಲ, ಏಕೆಂದರೆ ಅವನಿಗೆ ನಿಜವಾಗಿಯೂ ಹಾಡಲು ಬರುತ್ತದೆ. ಮನೆಯೊಳಗೂ ಕರಿ ಕನ್ನಡಕ ಹಾಕಿಕೊಂಡು ಎರಡು ಸಲ ನನ್ನ ನೀರಿನ ಕೊಡಕ್ಕೆ ಎಡವಿದ್ದಾನೆ, ಅಷ್ಟೆ.

ಇನ್ನು ನಿಮ್ಮ ತಂಗಿ. ಆ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯೊಂದು ಸ್ವರವನ್ನೂ ಹಾಕಿದವಳು ಅವಳು. ಕಾಲೇಜಿನಿಂದ ಬಂದು, ಕಿವಿಗೆ ಹೆಡ್‌ಫೋನ್ ಏರಿಸಿ, ಡ್ರಮ್ಮಿನ ಒಂದೊಂದು ಏಟನ್ನೂ ಹಪ್ಪಳ ಒಣಗಿಸಿದ ಹಾಗೆ ಸಾಲಾಗಿ ಇಡುತ್ತಿದ್ದಳು. ಟ್ಯೂನು ಅವಳದು, ತಾಳ ಅವಳದು. ಬ್ಯಾಂಡಿನ ಫ್ಲೆಕ್ಸ್ ಬಂದಾಗ ಅದರಲ್ಲಿ ಮೂರು ಮುಖಗಳಿದ್ದವು. ಅವಳೆಲ್ಲಿ ಎಂದು ನಿಮ್ಮ ಅಮ್ಮ ಕೇಳಿದ್ದಕ್ಕೆ ಲೀಡರ್ ಹೇಳಿದ್ದು, ಅವಳು ಮನೆ ಕೆಲಸದವಳಲ್ಲವೇ, ಸ್ಟೇಜಿನವಳಲ್ಲವಲ್ಲ ಎಂದು. ಹಾಡಿನ ಮನೆ ಕೆಲಸ ಎಂಬ ಅರ್ಥದಲ್ಲಿ ಹೇಳಿದೆ ಎಂದು ಆಮೇಲೆ ತಿದ್ದಿಕೊಂಡ. ದೊಡ್ಡ ಮನಸ್ಸು.

ಅವಳು ನಾಚಿಕೆಯಲ್ಲಿ ನನ್ನನ್ನೇ ಹೋಲುತ್ತಾಳೆ. ಮರುದಿನ ನನ್ನ ಜೊತೆ ತೊಗರಿಬೇಳೆ ಆರಿಸುತ್ತ ಕುಳಿತಾಗ ಮಾತ್ರ, ತಲೆ ಎತ್ತದೆ ಹೇಳಿದಳು.

"ಆಯಿ, ಒಮ್ಮಿ ನಾನೂ ಮ್ಯಾಲ ನಿಂತು ಬಾರಿಸ್ಬೇಕಂತ ಅನಸ್ತದ. ಒಮ್ಮಿ ಸಾಕು."

"ಮತ್ತ ಹೇಳು ಅಣ್ಣಗ."

"ಮಂದಿ ನೋಡ್ತಾರಲ್ಲ ಆಯಿ."

ಮಂದಿ ನೋಡುತ್ತಾರೆಂಬ ಕಾರಣಕ್ಕೆ ನಾನು ಬಿಟ್ಟದ್ದನ್ನು ಆ ದಿನದವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತೇನೆ.

ಔರಾದ್ ತಾಲೂಕಿನ ನನ್ನ ತವರೂರಿನಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ, ನಮ್ಮ ಮನೆಯಲ್ಲಿರುತ್ತಿತ್ತು. ಅದನ್ನು ನುಡಿಸುವವನು ನನ್ನ ಅಪ್ಪ. ಗಂಡಸರು ಹೊಲಕ್ಕೆ ಹೋದ ಮೇಲೆ ನಾನು ಅದರ ಬಟ್ಟೆ ಸರಿಸಿ, ಗಾಳಿಯ ಭಾತೆ ಒತ್ತಿ ಕಲಿತೆ. ಅಪ್ಪ ಹೊಸಬರಿಗೆ ಹೇಳುತ್ತಿದ್ದ ಒಂದು ಪದ್ಧತಿ ಬಾಗಿಲ ಹಿಂದಿನಿಂದಲೇ ನನಗೆ ಬಾಯಿಪಾಠವಾಗಿತ್ತು. ಹಾಡುವವನು ಶ್ರುತಿ ಬಿಟ್ಟು ಜಾರಿದರೆ ಅವನನ್ನು ಎಳೆದು ತರಬಾರದು, ಪೇಟಿಯವನೇ ಅವನು ಜಾರಿದ ಕಡೆ ಹೋಗಬೇಕು. ಆಗ ಜಾರಿದ್ದು ಹಾಡುವವನಿಗೂ ಗೊತ್ತಾಗುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ.

ಒಮ್ಮೆ ಅಪ್ಪನ ಕೈಗೆ ಕುಡುಗೋಲು ತಗುಲಿ ಪಟ್ಟಿ ಕಟ್ಟಿದ್ದರು. ಅಂದು ಸಂಜೆ ಭಜನೆಗೆ ಪೇಟಿಯವರಿಲ್ಲ. ಹೆಂಗಸರ ಸಾಲಿನಲ್ಲಿ ನಾನು ಕುಳಿತಿದ್ದೆ, ಅವರು ಹಾಡುತ್ತಿದ್ದ ಹತ್ತೂ ಪದ ನನಗೆ ಬರುತ್ತಿದ್ದವು. ಏಳಲಿಲ್ಲ. ಅವರು ಬರೀ ತಾಳ ಬಡಿದು ಹಾಡಿ ಮುಗಿಸಿದರು. ಪೇಟಿ ಮುಚ್ಚಿದಂತೆಯೇ ಇತ್ತು.

ಆಮೇಲೆ ಮದುವೆಯಾಗಿ ಬೀದರಿಗೆ ಬಂದೆ. ನಿಮ್ಮ ಮುತ್ಯಾ ಊರ ಪಕ್ಕದ ಕೊಳಾರದ ಕಾರ್ಖಾನೆಯಿಂದ ಬಂದು ರೇಡಿಯೋ ಹಚ್ಚಿ, ಇದು ಪೇಟಿ, ಇದು ಸಾರಂಗಿ ಎಂದು ನನಗೆ ತಿಳಿಸಿ ಹೇಳುತ್ತಿದ್ದರು. ಹಲವು ಸಲ ಅದು ತಪ್ಪಿರುತ್ತಿತ್ತು. ನಾನು ಹೌದ್ರಿ ಎನ್ನುತ್ತಿದ್ದೆ. ಒಳ್ಳೆಯ ಮನುಷ್ಯ, ಕಲಿಸುವ ಹುಮ್ಮಸ್ಸು ಬಹಳ.

ಈಗ ಭಾಲ್ಕಿಗೆ ಬರೋಣ. ಅಲ್ಲಿನ ಒಂದು ಕಾಲೇಜಿನ ಗ್ಯಾದರಿಂಗಿಗೆ ನಿಮ್ಮನ್ನು ಕರೆದರು. ಮಧ್ಯಾಹ್ನದ ಕಾರ್ಯಕ್ರಮ. ಲ್ಯಾಪ್‌ಟಾಪಿಗೆ ಏನಾದರೂ ಆದರೆ ಸರಿ ಮಾಡಲು ತಂಗಿ ಬೇಕು, ತಂಗಿಯ ಜೊತೆಗೆ ಹೆಂಗಸರೊಬ್ಬರು ಬೇಕೆಂದು ನಿಮ್ಮ ಅಪ್ಪ ನನ್ನನ್ನೂ ಗಾಡಿ ಹತ್ತಿಸಿದ. ಅವಳಿಗೆ ಸ್ಟೇಜಿನ ಪಕ್ಕದ ಪರದೆಯ ಹಿಂದೆ ಒಂದು ಕುರ್ಚಿ ಹಾಕಿದ್ದರು. ನಾನು ಅವಳ ಬದಿಯಲ್ಲಿ ಕುಳಿತೆ.

ಮೊದಲ ಎರಡು ಹಾಡು ಸುಖವಾಗಿ ಆದವು. ಗುಂಡಿ ಒತ್ತಿದ್ದಾಯಿತು, ತಲೆ ಆಡಿಸಿದ್ದಾಯಿತು. ಲೀಡರ್ ಬೆರಳುಗಳನ್ನು ಕೀಬೋರ್ಡಿನ ಮೇಲೆ ಓಡಿಸುವುದನ್ನು ನೋಡಿ ಹುಡುಗರು ಸೀಟಿ ಹೊಡೆದರು. ಆದರೆ ಆ ಊರಿನ ಸೌಂಡಿನವನು ಬಹಳ ಪ್ರಾಮಾಣಿಕ ಮನುಷ್ಯ. ಎರಡನೆಯ ಹಾಡು ಮುಗಿದಾಗ ಅವನಿಗೆ ಲೀಡರ್‌ನ ಕೀಬೋರ್ಡಿಗೆ ವಾಯರೇ ಇಲ್ಲದ್ದು ಕಂಡಿತು. ಪಾಪ, ಇಷ್ಟು ಕಷ್ಟಪಟ್ಟು ಬಾರಿಸುವುದು ಯಾರಿಗೂ ಕೇಳುತ್ತಿಲ್ಲವಲ್ಲ ಎಂದು ಮರುಗಿ, ಬಗ್ಗಿಕೊಂಡು ಬಂದು, ಹಿಂದಿನಿಂದ ವಾಯರು ಸಿಕ್ಕಿಸಿ ಹೋದ. ಜನರಿಗೆ ನಮಸ್ಕಾರ ಮಾಡುತ್ತಿದ್ದ ಲೀಡರ್‌ಗೆ ಅದು ತಿಳಿಯಲಿಲ್ಲ.

ಮೂರನೆಯ ಹಾಡಿಗೆ ಅವನು ಎಂದಿನಂತೆ ಬೆರಳು ಓಡಿಸಿದ. ಈ ಸಲ ಅವು ಎಲ್ಲರಿಗೂ ಕೇಳಿದವು. ಅಡುಗೆಮನೆಯ ಫಳಿ ಪಾತ್ರೆಗಳ ಸಮೇತ ಕೆಳಗೆ ಬಿದ್ದಂತಿತ್ತು. ತನ್ನ ಯಂತ್ರವೇ ಕೆಟ್ಟಿತೆಂದು ಹೆದರಿದ ಎರಡನೆಯವನು ಸಿಕ್ಕ ಗುಂಡಿ ಒತ್ತಿದ. ಟ್ಯೂನೆಲ್ಲ ನಿಂತುಹೋಗಿ ಡ್ರಮ್ಮು ಒಂದೇ ಉಳಿಯಿತು. ಲೀಡರ್ ಕೈ ಎತ್ತಿಕೊಂಡು ಕಲ್ಲಾದ. ಗೆಳೆಯ ಒಬ್ಬನೇ ಕನ್ನಡಕ ತೆಗೆದು, ಶ್ರುತಿ ಹಿಡಿಯಲು ಏನೂ ಇಲ್ಲದೆ, ಹಾಡುತ್ತ ಹಾಡುತ್ತ ಕೆಳಗೆ ಜಾರತೊಡಗಿದ. ಹಿಂದಿನ ಸಾಲಿನಲ್ಲಿ ನಗು ಎದ್ದಿತು.

ನಿಮ್ಮ ತಂಗಿ ಎದ್ದು ನಿಂತಳು, ಮತ್ತೆ ಕುಳಿತಳು.

"ಅವ ಎಲ್ಲಿ ಹಾಡ್ಲತ್ತಾನ ತಿಳಿವಲ್ದು ಆಯಿ. ನಾ ಹೋಗಿ ಬಾರಿಸಿದ್ರ ಇನ್ನಾ ಕೆಡ್ತದ."

ಕಾರಣ ಅದೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಎದುರಿಗೆ ತುಂಬಿದ ಸಭೆ, ಮುಚ್ಚಿದ ಪೇಟಿ, ಬರೀ ತಾಳ. ಇದನ್ನು ನಾನು ಒಮ್ಮೆ ನೋಡಿದ್ದೆ.

"ಬಿಳಿ ನಾಕರಿಂದ ಎತ್ತಿದ್ದ, ಈಗ ಕರಿ ಎರಡಕ್ಕ ಬಂದಾನ," ಎಂದೆ. "ನೀನೂ ಅಲ್ಲೇ ಹೋಗು. ಅವನ್ನ ಎಳಿಬ್ಯಾಡ."

ಅವಳು ನನ್ನ ಮುಖ ನೋಡಿದಳು. ಪೇಟಿಯ ಮನೆಗಳ ಲೆಕ್ಕ ಈ ಮುದುಕಿಯ ಬಾಯಲ್ಲಿ ಹೇಗೆ ಬಂತೆಂದು ಕೇಳಲು ಬಾಯಿ ತೆರೆದಳು.

"ಆಮ್ಯಾಲ ಕೇಳುವಂತಿ," ಎಂದೆ. "ನಾ ಕೂತು ನೋಡೀನಿ ತಂಗಿ. ಅದರಾಗ ಏನೂ ಸುಖ ಇಲ್ಲ."

ಹೋದಳು. ಕೊರಳಿನ ಪಟ್ಟಿ ಬಿಚ್ಚುವಷ್ಟು ಹೊತ್ತು ಇರಲಿಲ್ಲ. ಅಣ್ಣನ ಎದುರಿಗೆ ನಿಂತು, ಸಭೆಗೆ ಬೆನ್ನು ಮಾಡಿ, ಅವನ ಕೊರಳಿಗೆ ತೂಗುತ್ತಿದ್ದ ಕೀಬೋರ್ಡನ್ನು ಹಾಗೆಯೇ ನುಡಿಸಿದಳು. ಅವಳ ಕಡೆಯಿಂದ ನೋಡಿದರೆ ಕೀಗಳೆಲ್ಲ ತಿರುವುಮುರುವು. ಮೊದಲ ಎರಡು ಸ್ವರ ತಪ್ಪಿದವು. ಮೂರನೆಯದು ಗೆಳೆಯನ ದನಿಗೆ ಹೋಗಿ ಕುಳಿತಿತು. ಅವನು ತಿರುಗಿ ನೋಡಿ ನಕ್ಕ, ಆಮೇಲೆ ಗಂಟಲು ಬಿಚ್ಚಿ ಹಾಡಿದ. ನಿಮ್ಮ ಲೀಡರ್ ಆ ಹಾಡು ಮುಗಿಯುವ ತನಕ ಅಲುಗದೆ ನಿಂತಿದ್ದ. ಇಡೀ ಬ್ಯಾಂಡಿನಲ್ಲಿ ಅವನು ಮಾಡಿದ ಮೊದಲ ನಿಜವಾದ ಕೆಲಸ ಅದು, ಮತ್ತು ಚೆನ್ನಾಗಿಯೇ ಮಾಡಿದ.

ಸಭೆಯವರು ಇದೆಲ್ಲ ಮೊದಲೇ ಹೊಂದಿಸಿದ್ದೆಂದು ತಿಳಿದು ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಗಾಡಿಯಲ್ಲಿ ಲೀಡರ್ ಕೂಡ ಅದು ತನ್ನದೇ ಯೋಜನೆ ಎಂಬಂತೆ ಮಾತಾಡತೊಡಗಿದ್ದ. ಬೀದರ್ ಬರುವಷ್ಟರಲ್ಲಿ ಅವನಿಗೆ ಪೂರ್ತಿ ನಂಬಿಕೆ ಬಂದಿತ್ತು.

ವಾರದೊಳಗೆ ಔರಾದಿನಿಂದ ಕರೆ ಬಂತು. ಬೆನ್ನು ತೋರಿಸಿ ಬಾರಿಸುವ ಹುಡುಗಿಯ ಬ್ಯಾಂಡ್ ನಿಮ್ಮದೇ ಏನ್ರಿ ಎಂದು ಕೇಳಿದರು. ಹಿರಿಯವನ ಮುಖ ಸಣ್ಣದಾಯಿತು. ಹೊಸ ಫ್ಲೆಕ್ಸ್ ಮಾಡಿಸಲು ಕುಳಿತಾಗ ಅವನು ತಂಗಿಯ ಫೋಟೋವನ್ನು ಮೂಲೆಯಲ್ಲಿ, ಅಂಚೆಚೀಟಿಯಷ್ಟು ಹಾಕೋಣವೆಂದ. ನಿಮ್ಮ ತಂಗಿ ಲ್ಯಾಪ್‌ಟಾಪ್ ಮುಚ್ಚಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಣ್ಣಾ, ಸಣ್ಣ ಫೋಟೋ ಆದ್ರ ಸಣ್ಣ ಹಾಡು ಮಾಡ್ಕೊಡ್ತೀನಿ," ಎಂದಳು, ಬಹಳ ಮೆತ್ತಗೆ.

ನಾಲ್ಕು ಮುಖಗಳೂ ಒಂದೇ ಅಳತೆಯಲ್ಲಿ ಬಂದವು. ಔರಾದಿನಲ್ಲಿ ಅವಳು ಕೀಬೋರ್ಡನ್ನು ಸ್ಟ್ಯಾಂಡಿನ ಮೇಲಿಟ್ಟು, ಜನರಿಗೆ ಮುಖ ಮಾಡಿ ಬಾರಿಸಿದಳು. ತಲೆ ಮಾತ್ರ ತಗ್ಗಿಸಿಯೇ ಇದ್ದಳು. ಅದನ್ನೂ ಹುಡುಗರು ಲುಕ್ ಎಂದೇ ತಿಳಿದರಂತೆ.

ಔರಾದಿನಿಂದ ಬಂದ ಮರುದಿನ, ನೀವಿಬ್ಬರೂ ಹೊರಗೆ ಹೋಗಿದ್ದಾಗ, ಅವಳು ಕೀಬೋರ್ಡು ತಂದು ನನ್ನ ಮುಂದಿಟ್ಟಳು. ಯಾರಾದರೂ ಕೇಳಿಸಿಕೊಂಡಾರೆಂದು ನಾನು ಮೊದಲು ವಾಯರು ಕಿತ್ತೆ. ಹಿರಿಯವನ ಪದ್ಧತಿಯೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ. ಅಪ್ಪನ ಭಜನೆಯ ಒಂದು ಪದವನ್ನು ಸದ್ದಿಲ್ಲದೆ ಅರ್ಧದ ತನಕ ನುಡಿಸಿದೆ. ಬೆರಳು ಮರೆತಿರಲಿಲ್ಲ.

ಅವಳು ಎದ್ದು, ವಾಯರು ತಂದು ಸಿಕ್ಕಿಸಿ, ಮತ್ತೆ ನನ್ನ ಬದಿಯಲ್ಲಿ ಬಂದು ಕುಳಿತಳು.